ಹಿರಿಯರಿಗೊಂದು ಸಂಜೆ ಕಂಪ್ಯೂಟರ್ ತರಗತಿ: ಚಿಕ್ಕಮಗಳೂರಿನಲ್ಲಿ ಕಟ್ಟಿ ನಡೆಸುವ ಬಗೆ

2017ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಕೈಗೆತ್ತಿಕೊಂಡಾಗ ಆರು ಕೋಟಿ ಹಳ್ಳಿ ಮನೆಗಳನ್ನು ಮುಟ್ಟುವ ಗುರಿ ಇತ್ತು. ಮನೆಗೊಬ್ಬರಿಗೆ 20 ಗಂಟೆಗಳ ತರಬೇತಿ. ಆದರೆ ವಯಸ್ಸಿನ ಮಿತಿ 14ರಿಂದ 60. ಅರುವತ್ತು ತುಂಬಿದ ಮರುದಿನದಿಂದ ಮನುಷ್ಯನಿಗೆ ಪಹಣಿ, ಪಿಂಚಣಿ, ಬ್ಯಾಂಕು ಯಾವುದೂ ಬೇಕಾಗುವುದಿಲ್ಲ ಎಂದು ಯಾರೋ ಲೆಕ್ಕ ಹಾಕಿದ ಹಾಗಿತ್ತು. ನಮ್ಮ ಜಿಲ್ಲೆಯಲ್ಲಿ ಕಾಣುವುದು ಇದಕ್ಕೆ ತದ್ವಿರುದ್ಧ. ನಿವೃತ್ತಿಯಾದ ಮೇಲೆಯೇ ಕಾಗದಪತ್ರದ ಓಡಾಟ ಹೆಚ್ಚುತ್ತದೆ. ಮಾಡಿಕೊಡಬೇಕಾದ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಉಳಿದ ದಾರಿ ಎಂದರೆ ಪೇಟೆಯ ಸೈಬರ್ ಅಂಗಡಿ. ಅಲ್ಲಿ ಒಟಿಪಿಯನ್ನೂ ಪಾಸ್‌ವರ್ಡನ್ನೂ ಗಟ್ಟಿಯಾಗಿ ಓದಿ ಹೇಳಿ, ಬೇರೆಯವರ ಕೈಯಿಂದ ಕೆಲಸ ಮಾಡಿಸಿಕೊಂಡು ಬರುವುದು.

ಊರಿನ ಗ್ರಂಥಾಲಯ, ಮಹಿಳಾ ಸಂಘ, ನಿವೃತ್ತ ನೌಕರರ ಗುಂಪು ಅಥವಾ ನಾಲ್ಕು ಮಂದಿ ಉತ್ಸಾಹಿ ಯುವಕರು ಸೇರಿ ಒಂದು ಸಂಜೆ ತರಗತಿ ನಡೆಸಬೇಕೆಂದಿದ್ದರೆ ಈ ಮಾರ್ಗದರ್ಶಿ ಅವರಿಗೆ. ಇಲ್ಲಿನ ಪಾಠಕ್ರಮ ಹತ್ತು ವಾರಗಳದ್ದು: ವಾರಕ್ಕೆ ಎರಡು ಸಂಜೆ, ಒಂದೊಂದು ಸಂಜೆ ಒಂದೂವರೆ ಗಂಟೆ. ಹಿರಿಯರು ತಮ್ಮ ಕೆಲಸವನ್ನು ತಮ್ಮ ಕೈಯಾರೆ ಮುಗಿಸುವಂತಾಗಬೇಕು ಎಂಬ ಒಂದೇ ಅಳತೆಗೋಲಿನ ಮೇಲೆ ಏನಿರಬೇಕು, ಏನು ಬೇಡ ಎಂಬುದನ್ನು ತೀರ್ಮಾನಿಸಲಾಗಿದೆ. ಕಂಪ್ಯೂಟರಿನ ಇತಿಹಾಸ, ಸಿಪಿಯು ಎಂದರೇನು, ರ‍್ಯಾಮ್ ಎಂದರೇನು ಎಂಬ ಪಾಠಗಳು ಇಲ್ಲಿಲ್ಲ. ಮಿಕ್ಸಿಯ ಮೋಟಾರಿನ ಬಗ್ಗೆ ಉಪನ್ಯಾಸ ಕೇಳಿ ಯಾರೂ ಚಟ್ನಿ ರುಬ್ಬುವುದಿಲ್ಲ.

ಹೆಜ್ಜೆ 1: ಕಾಲ ನೋಡಿ ಆರಂಭಿಸಿ

ಮಲೆನಾಡಿನಲ್ಲಿ ತರಗತಿಯ ವೇಳಾಪಟ್ಟಿಯನ್ನು ನಿರ್ಧರಿಸುವುದು ಮಳೆ ಮತ್ತು ಕಾಫಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸದ ಕಡೆ ಸಂಜೆ ಹೊತ್ತು ವಯಸ್ಸಾದವರನ್ನು ಮನೆಯಿಂದ ಹೊರಡಿಸುವುದು ಕಷ್ಟ. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ನವೆಂಬರ್ ಕೊನೆಯ ಹೊತ್ತಿಗೆ ಅರೇಬಿಕಾ ಕೊಯ್ಲು ಬಿರುಸಾಗುತ್ತದೆ, ಅದರ ಬೆನ್ನಿಗೇ ರೊಬಸ್ಟಾ. ಆಗ ತೋಟದ ಮಾಲೀಕರೂ ಸಿಗುವುದಿಲ್ಲ, ತೋಟದಲ್ಲಿ ದುಡಿಯುವವರೂ ಸಿಗುವುದಿಲ್ಲ. ಆದ್ದರಿಂದ ಸೆಪ್ಟೆಂಬರ್ ಮೊದಲ ವಾರ ಆರಂಭಿಸುವುದು ಸರಿಯಾದ ಲೆಕ್ಕ. ಗಣೇಶ ಹಬ್ಬ, ದಸರಾ, ದೀಪಾವಳಿಗೆಂದು ಎರಡು ವಾರ ಕಳೆದರೂ ನವೆಂಬರ್ ಮೂರನೆಯ ವಾರಕ್ಕೆ ಮುಗಿಯುತ್ತದೆ. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಸಲ್ಲಿಸುವ ತಿಂಗಳೂ ನವೆಂಬರ್. ಎಂಟನೆಯ ವಾರದ ಪಾಠ ಅದೇ ಆಗಿರುವುದರಿಂದ ಕಲಿತದ್ದು ಆಗಲೇ ಕೆಲಸಕ್ಕೆ ಬರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ಬಯಲುಸೀಮೆ. ಅಲ್ಲಿ ಮಳೆಯ ಭಯವಿಲ್ಲ, ಜೂನ್‌ನಲ್ಲೇ ಶುರು ಮಾಡಬಹುದು.

ಹೊತ್ತು: ಐದರಿಂದ ಆರೂವರೆ. ಅದಕ್ಕಿಂತ ತಡವಾದರೆ ದೇವರ ಮುಂದೆ ದೀಪ ಹಚ್ಚುವ ಸಮಯ ಮೀರುತ್ತದೆ, ಹಳ್ಳಿಯ ಕೊನೆಯ ಬಸ್ ತಪ್ಪುತ್ತದೆ. ಜೊತೆಗೆ ಏಳು ಗಂಟೆಯ ಧಾರಾವಾಹಿಯನ್ನು ಸೋಲಿಸಬಲ್ಲ ತರಗತಿ ಇನ್ನೂ ಹುಟ್ಟಿಲ್ಲ. ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದರಿಂದ ಸುತ್ತಲಿನ ಊರುಗಳ ಹೆಂಗಸರಿಗೆ ಬಂದುಹೋಗುವ ಖರ್ಚಿನ ಚಿಂತೆ ಕಡಿಮೆ. ಆ ಬಸ್ಸಿನ ಸಮಯ ನೋಡಿಕೊಂಡು ತರಗತಿಯ ಸಮಯ ಗೊತ್ತುಮಾಡಿ. ತರಗತಿಗೆ ತಕ್ಕಂತೆ ಬಸ್ ಬರುವುದಿಲ್ಲ.

ಹೆಜ್ಜೆ 2: ಜಾಗ

ನೆಲಮಹಡಿ, ಹತ್ತಿರದಲ್ಲೇ ಶೌಚಾಲಯ, ಮೆಟ್ಟಿಲಿದ್ದರೆ ಹಿಡಿದುಕೊಳ್ಳಲು ಕಂಬಿ. ಈ ಮೂರಿಲ್ಲದ ಜಾಗದಲ್ಲಿ ಎಷ್ಟು ಒಳ್ಳೆಯ ಕಂಪ್ಯೂಟರ್‌ಗಳಿದ್ದರೂ ಬೇಡ. ಶಾಲೆಯ ಕಂಪ್ಯೂಟರ್ ಕೊಠಡಿ ಸಂಜೆ ಖಾಲಿ ಇರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿದ್ದು, ಹಲವು ಕಡೆ ಕಂಪ್ಯೂಟರ್ ಬಂದಿವೆ. ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿ. ಇಂಥ ತರಗತಿಗಳು ನಿಲ್ಲುವುದಕ್ಕೆ ಎಷ್ಟೋ ಸಲ ಬೀಗದ ಕೈಯೊಂದೇ ಕಾರಣವಾಗುತ್ತದೆ.

ಒಪ್ಪಿಕೊಳ್ಳುವ ಮೊದಲು ಆ ಕೊಠಡಿಯೊಳಗೆ ನಿಂತು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರರಲ್ಲೂ ಒಂದೊಂದು ಎಸ್‌ಎಂಎಸ್ ತರಿಸಿ ನೋಡಿ. ಗುಡ್ಡದ ಮರೆಯಲ್ಲಿರುವ ಮನೆಗಳಲ್ಲಿ ಸಿಗ್ನಲ್ ಸಿಗದೆ ಒಟಿಪಿ ತಡವಾಗಿ ಬಂದು, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಎಷ್ಟೋ ಹಿರಿಯರು ‘ನನ್ನಿಂದ ಇದು ಆಗುವುದಿಲ್ಲ’ ಎಂದು ಕೈಬಿಟ್ಟಿರುವುದು ಇದೇ ಕಾರಣಕ್ಕೆ. ತರಗತಿಯಲ್ಲಾದರೂ ಅದು ಸಮಯಕ್ಕೆ ಬರಬೇಕು.

ಹೆಜ್ಜೆ 3: ಯಂತ್ರಗಳು

ಆರರಿಂದ ಎಂಟು ಕಂಪ್ಯೂಟರ್ ಸಾಕು, ಅಷ್ಟೇ ಮಂದಿಯನ್ನು ಸೇರಿಸಿಕೊಳ್ಳಿ. ಒಂದು ಯಂತ್ರಕ್ಕೆ ಇಬ್ಬರನ್ನು ಕೂರಿಸಿದರೆ ಒಬ್ಬರು ಕಲಿಯುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಬಂದರಂತೂ ಬೇರೆ ಬೇರೆ ಸಾಲಿನಲ್ಲಿ ಕೂರಿಸಿ. ಇಲ್ಲದಿದ್ದರೆ ಮೌಸ್ ಯಾರ ಕೈಗೆ ಹೋಗುತ್ತದೆ, ‘ನಿನಗೆ ತಿಳಿಯುವುದಿಲ್ಲ ಬಿಡು’ ಎಂದು ಯಾರು ಹೇಳುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ.

ದಾನವಾಗಿ ಬಂದ ಹಳೆಯ ಯಂತ್ರಗಳನ್ನು ಕಣ್ಣು ಮುಚ್ಚಿ ಸ್ವೀಕರಿಸಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಬ್ಯಾಂಕ್, ಪಿಂಚಣಿ ಕೆಲಸ ಮಾಡುವ ಯಂತ್ರದಲ್ಲಿ ಭದ್ರತೆಯ ತಿದ್ದುಪಡಿಗಳು ಬರುತ್ತಿರಲೇಬೇಕು. ಅಂಥ ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿ. ಉಚಿತವಾಗಿ ಸಿಗುತ್ತದೆ, ನಿಧಾನದ ಯಂತ್ರದಲ್ಲೂ ನಡೆಯುತ್ತದೆ, ಕನ್ನಡದ ‘ಕಗಪ’ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಅದರೊಳಗೇ ಇರುತ್ತದೆ. ಲ್ಯಾಪ್‌ಟಾಪ್ ಆದರೆ ಬೇರೆ ಮೌಸ್ ಜೋಡಿಸಿ. ಟಚ್‌ಪ್ಯಾಡ್ ಮೇಲೆ ಒಣಗಿದ ಬೆರಳು ಜಾರುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಒಂದು ಯುಪಿಎಸ್ ಇರಲಿ. ಅರ್ಧ ಟೈಪು ಮಾಡಿದ ಪತ್ರ ಕರೆಂಟ್ ಹೋಗಿ ಅಳಿದುಹೋದರೆ ಕಲಿಯುವವರು ಅದನ್ನು ತಮ್ಮ ತಪ್ಪೆಂದೇ ತಿಳಿಯುತ್ತಾರೆ.

ನಂತರ ಪ್ರತಿ ಯಂತ್ರವನ್ನೂ ಹಿರಿಯರ ಕಣ್ಣಿಗೂ ಕೈಗೂ ಹೊಂದಿಸಬೇಕು. ಅಕ್ಷರದ ಗಾತ್ರ ಶೇ 125ರಿಂದ 150. ಮೌಸ್‌ನ ಬಾಣ ದೊಡ್ಡದಾಗಲಿ, ಬಣ್ಣ ಕಪ್ಪು. ಡಬಲ್ ಕ್ಲಿಕ್‌ನ ವೇಗವನ್ನು ಅತ್ಯಂತ ನಿಧಾನಕ್ಕೆ ಇಳಿಸಿ. ವಿಂಡೋಸ್ ಗುಂಡಿಯೊಂದಿಗೆ ಪ್ಲಸ್ ಒತ್ತಿದರೆ ಪರದೆ ಹಿಗ್ಗುತ್ತದೆ ಎಂಬುದನ್ನು ಮೊದಲ ದಿನವೇ ತೋರಿಸಿ.

ಮಾನಿಟರಿನ ಎತ್ತರವನ್ನು ಯಾರೂ ಗಮನಿಸುವುದಿಲ್ಲ. ದೂರ, ಹತ್ತಿರ ಎರಡೂ ಸೇರಿದ ಕನ್ನಡಕ ಹಾಕಿದವರು ಕೆಳಗಿನ ಗಾಜಿನಿಂದ ಓದಬೇಕು. ಪರದೆ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿ ನೋಡಿ ನೋಡಿ ಅರ್ಧ ಗಂಟೆಯಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಮಾನಿಟರಿನ ಅಡಿಯ ಪೆಟ್ಟಿಗೆ ತೆಗೆದುಬಿಡಿ, ಪರದೆಯನ್ನು ತುಸು ಹಿಂದಕ್ಕೆ ವಾಲಿಸಿ.

ಇನ್ನೊಂದು ಸೌಲಭ್ಯದ ಹೆಸರು ‘ಸ್ಟಿಕಿ ಕೀಸ್’. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ. ಇದನ್ನು ಚಾಲೂ ಮಾಡಿದರೆ ಶಿಫ್ಟ್ ಗುಂಡಿಯನ್ನು ಹಿಡಿದುಕೊಂಡೇ ಇನ್ನೊಂದು ಅಕ್ಷರ ಒತ್ತಬೇಕಾಗಿಲ್ಲ. ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಬಹುದು. ಕೀಲುನೋವು ಇರುವವರಿಗೆ ಇದರ ಬೆಲೆ ಕನ್ನಡ ಟೈಪಿಂಗ್ ಪಾಠದಲ್ಲಿ ತಿಳಿಯುತ್ತದೆ.

ಹೆಜ್ಜೆ 4: ಹೆಸರು ಬರೆಸಿಕೊಳ್ಳುವ ದಿನ

ಅರ್ಜಿಯಲ್ಲಿ ವಿದ್ಯಾರ್ಹತೆಯ ಕಾಲಂ ಬೇಡ. ಅದರ ಜಾಗದಲ್ಲಿ ಒಂದೇ ಪ್ರಶ್ನೆ ಇರಲಿ: ಯಾವ ಕೆಲಸಕ್ಕಾಗಿ ನೀವು ಈಗ ಬೇರೆಯವರನ್ನು ಅವಲಂಬಿಸಿದ್ದೀರಿ? ಒಬ್ಬರು ಪಹಣಿ ಎನ್ನುತ್ತಾರೆ, ಒಬ್ಬರು ಮೆಸ್ಕಾಂ ಬಿಲ್, ಇನ್ನೊಬ್ಬರು ಅಮೆರಿಕದಲ್ಲಿರುವ ಮೊಮ್ಮಗಳ ಮುಖ ನೋಡುವುದು, ಮತ್ತೊಬ್ಬರು ಸ್ವಸಹಾಯ ಸಂಘದ ಲೆಕ್ಕ. ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಮುಂದಿನ ವಾರಗಳ ಪಾಠಗಳಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಕೊಡಬೇಕೆಂಬುದನ್ನು ಅದೇ ಹೇಳುತ್ತದೆ.

ಕರೆಯುವ ರೀತಿಯ ಬಗ್ಗೆ ಒಂದು ಮಾತು. ಕಲಿಸಲು ಬರುವವರು ಸಾಮಾನ್ಯವಾಗಿ ಕಾಲೇಜು ಹುಡುಗ ಹುಡುಗಿಯರು. ಅರುವತ್ತೆರಡರ ನಿವೃತ್ತ ಶಿಕ್ಷಕಿಯನ್ನು ‘ಅಜ್ಜಿ’ ಎಂದು ಕರೆದರೆ ಆ ಸಂಜೆಯ ಪಾಠ ಅಲ್ಲಿಗೆ ಮುಗಿಯಿತು. ‘ಟೀಚರ್’, ‘ಮೇಷ್ಟ್ರೇ’, ‘ಅಮ್ಮಾ’, ‘ಗೌಡರೇ’, ಹೀಗೆ ಊರು ಅವರನ್ನು ಹೇಗೆ ಕರೆಯುತ್ತದೋ ಹಾಗೆ ಕರೆಯಿರಿ.

ಮೂವರು ಕಲಿಯುವವರಿಗೆ ಒಬ್ಬರು ಕಲಿಸುವವರಿದ್ದರೆ ಚೆನ್ನ. ಕಲಿಸುವವರಿಗೆ ಇರುವ ನಿಯಮ ಒಂದೇ, ಅದಕ್ಕೆ ವಿನಾಯಿತಿ ಇಲ್ಲ: ಕಲಿಯುವವರ ಮೌಸ್ ಮೇಲೆ ನಿಮ್ಮ ಕೈ ಬೀಳಬಾರದು. ‘ಕೊಡಿ, ನಾನು ಮಾಡಿಕೊಡುತ್ತೇನೆ’ ಎಂಬ ಮಾತನ್ನು ಅವರು ಮನೆಯಲ್ಲಿ ಸಾಕಷ್ಟು ಕೇಳಿರುತ್ತಾರೆ. ಅದನ್ನೇ ಕೇಳುವುದಾದರೆ ಇಲ್ಲಿಗೆ ಬರಬೇಕಾಗಿರಲಿಲ್ಲ. ಬೆರಳಿನಿಂದ ಪರದೆಯ ಮೇಲೆ ತೋರಿಸಿ, ಬಾಯಿಂದ ಹೇಳಿ, ಕಾಯಿರಿ. ಮನಸ್ಸು ತಡೆಯದಿದ್ದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ.

ಮೊದಲ ಎರಡು ವಾರ: ಮೌಸ್ ಮತ್ತು ಇಸ್ಪೀಟು

ಮೊದಲ ಸಂಜೆ ಯಂತ್ರವನ್ನು ಚಾಲೂ ಮಾಡುವುದು, ಸರಿಯಾಗಿ ಆರಿಸುವುದು. ಇದನ್ನು ನಾಲ್ಕೈದು ಸಲ ಮಾಡಿಸಿ. ಏನು ಒತ್ತಿದರೆ ಏನು ಹಾಳಾಗುತ್ತದೋ ಎಂಬ ಅಂಜಿಕೆ ಹಿರಿಯರಲ್ಲಿ ಬಲವಾಗಿರುತ್ತದೆ, ಏಕೆಂದರೆ ಅವರ ಕಾಲದಲ್ಲಿ ರೇಡಿಯೋ, ಟಿವಿ ನಿಜಕ್ಕೂ ಹಾಳಾಗುತ್ತಿದ್ದವು. ಬೇಕೆಂದೇ ಪರದೆಯ ಮೇಲೆ ಹತ್ತಾರು ಕಿಟಕಿಗಳನ್ನು ತೆರೆದು ಅವ್ಯವಸ್ಥೆ ಮಾಡಿ, ಮತ್ತೆ ಸರಿಪಡಿಸಿ ತೋರಿಸಿ. ಕಂಟ್ರೋಲ್ ಮತ್ತು ಜಡ್ ಒತ್ತಿದರೆ ಈಗಷ್ಟೇ ಟೈಪು ಮಾಡಿದ್ದು ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಕಂಡಾಗ ಬಹಳ ಮಂದಿಗೆ ಜೀವ ಬಂದಂತಾಗುತ್ತದೆ.

ಎರಡನೆಯ ಸಂಜೆಯಿಂದ ಇಸ್ಪೀಟು. 1990ರಲ್ಲಿ ಬಂದ ವಿಂಡೋಸ್ 3.0ರಲ್ಲಿ ಸಾಲಿಟೇರ್ ಆಟವನ್ನು ಸೇರಿಸಿದ್ದರಿಂದ ಲಕ್ಷಾಂತರ ಜನ ತಮಗೆ ತಿಳಿಯದೆಯೇ ಮೌಸ್ ಹಿಡಿಯುವುದನ್ನು ಕಲಿತರು. ಎಲೆಯನ್ನು ಒತ್ತಿ ಹಿಡಿದು, ಎಳೆದು, ಸರಿಯಾದ ಜಾಗದಲ್ಲಿ ಬಿಡುವುದರಲ್ಲಿ ಮೌಸ್‌ನ ಅರ್ಧ ವಿದ್ಯೆ ಇದೆ. ಮಳೆಗಾಲದ ರಾತ್ರಿಗಳಲ್ಲಿ ಇಸ್ಪೀಟು ಆಡಿ ಬೆಳೆದವರಿಗೆ ನಿಯಮ ಹೇಳಿಕೊಡುವ ಕೆಲಸವೂ ಇಲ್ಲ. ‘ಇಸ್ಪೀಟು ಮುಟ್ಟುವುದಿಲ್ಲ’ ಎನ್ನುವವರು ಕೆಲವರಿರುತ್ತಾರೆ. ಅವರಿಗೆ ಚಿತ್ರ ಬಿಡಿಸುವ ಪೇಂಟ್ ಕೊಡಿ, ಅದರಲ್ಲೊಂದು ರಂಗೋಲಿ ಬಿಡಿಸಲಿ.

ಡಬಲ್ ಕ್ಲಿಕ್ ಬಗ್ಗೆ ಹಟ ಬೇಡ. ಎರಡು ಸಲ ಒತ್ತುವಷ್ಟರಲ್ಲಿ ಕೈ ತುಸು ಅಲುಗಿ ಬಾಣ ಸರಿದುಬಿಡುತ್ತದೆ. ಒಮ್ಮೆ ಒತ್ತಿ ಎಂಟರ್ ಗುಂಡಿ ಒತ್ತಿದರೆ ಅದೇ ಕೆಲಸ ಆಗುತ್ತದೆ. ಇದನ್ನು ಕಲಿಸಿ ಮುಂದೆ ಹೋಗಿ.

ಪ್ರತಿಯೊಬ್ಬರಿಗೂ ಗೆರೆ ಎಳೆದ ಒಂದು ನೋಟ್‌ಪುಸ್ತಕ. ಮುದ್ರಿತ ಕೈಪಿಡಿ ಹಂಚುವುದು ದುಡ್ಡು ದಂಡ. ತಾವು ಮಾಡಿದ ಹೆಜ್ಜೆಗಳನ್ನು ತಮ್ಮ ಭಾಷೆಯಲ್ಲಿ ತಾವೇ ಬರೆದುಕೊಳ್ಳಲಿ. ‘ಮೇಲೆ ಬಲಗಡೆ ಇರುವ ಮೂರು ಚುಕ್ಕೆ’ ಎಂದು ಅವರು ಬರೆದುಕೊಂಡದ್ದೇ ಮನೆಯಲ್ಲಿ ನೆರವಿಗೆ ಬರುವುದು. ಮೆನುಗಳ ಹೆಸರನ್ನು ಇಂಗ್ಲಿಷಿನಲ್ಲೇ ಬಿಡಬೇಕೇ, ಕನ್ನಡಕ್ಕೆ ಬದಲಿಸಬೇಕೇ ಎಂಬ ಚರ್ಚೆ ಬಂದೇ ಬರುತ್ತದೆ. ಇಂಗ್ಲಿಷ್ ಓದಬಲ್ಲವರಿಗೆ ಇಂಗ್ಲಿಷಿನಲ್ಲೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಮಗನೋ ಮಗಳೋ ಫೋನಿನಲ್ಲಿ ನೆರವಾಗುವಾಗ ಅವರು ಹೇಳುವ ಹೆಸರು ಪರದೆಯ ಮೇಲೂ ಇರಬೇಕಲ್ಲ.

ಮೂರು, ನಾಲ್ಕನೆಯ ವಾರ: ಕನ್ನಡದಲ್ಲಿ ಟೈಪಿಂಗ್

ಇಲ್ಲಿ ಅವಸರ ಮಾಡಬೇಡಿ. ತರಗತಿ ನಿಜವಾಗಿ ಬದಲಾಗುವುದು ಈ ಎರಡು ವಾರಗಳಲ್ಲಿ. ತನ್ನ ಹೆಸರು ಕನ್ನಡದಲ್ಲಿ ಪರದೆಯ ಮೇಲೆ ಮೂಡಿದಾಗ ಅಲ್ಲಿಯವರೆಗೆ ಯಂತ್ರವನ್ನು ಸಂಶಯದಿಂದ ನೋಡುತ್ತಿದ್ದವರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಕೀಲಿಮಣೆಯನ್ನೇ ಕಲಿಸಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇದರ ತಳಹದಿ. ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವುದೂ ಇದೇ. ಆದ್ದರಿಂದ ನಿಮ್ಮ ತರಗತಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದರೆ ಅವರೇ ಅರ್ಧ ಮೇಷ್ಟ್ರು. ಇದರ ಗುಣವೆಂದರೆ ನಾವು ಕಾಗುಣಿತ ಕಲಿತ ಕ್ರಮದಲ್ಲೇ ಅಕ್ಷರ ಮೂಡುತ್ತದೆ. ಕೆ ಒತ್ತಿದರೆ ‘ಕ’, ಅದರ ಮುಂದೆ ಐ ಒತ್ತಿದರೆ ‘ಕಿ’. ಶಿಫ್ಟ್ ಜೊತೆಗೆ ಕೆ ಒತ್ತಿದರೆ ‘ಖ’. ಒತ್ತಕ್ಷರಕ್ಕೆ ನಡುವೆ ಎಫ್.

ಮೊದಲ ಪದವಾಗಿ ಊರಿನ ಹೆಸರನ್ನೇ ಕೊಡಿ. ‘ಚಿಕ್ಕಮಗಳೂರು’ ಎಂದು ಬರೆಯಲು ಒತ್ತಬೇಕಾದ ಗುಂಡಿಗಳು ಹೀಗಿವೆ: ಸಿ, ಐ ಒತ್ತಿದರೆ ‘ಚಿ’. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಎಂ ಒತ್ತಿದರೆ ‘ಮ’. ಜಿ ಒತ್ತಿದರೆ ‘ಗ’. ಶಿಫ್ಟ್ ಜೊತೆ ಎಲ್, ಶಿಫ್ಟ್ ಜೊತೆ ಯು ಒತ್ತಿದರೆ ‘ಳೂ’. ಆರ್, ಯು ಒತ್ತಿದರೆ ‘ರು’. ಗುಣಿತಾಕ್ಷರ, ಒತ್ತಕ್ಷರ, ದೀರ್ಘ, ಶಿಫ್ಟ್ ಎಲ್ಲವೂ ಈ ಒಂದೇ ಪದದಲ್ಲಿ ಬಂದುಹೋಗುತ್ತವೆ. ಇದು ಕೈಗೆ ಕೂತವರಿಗೆ ಉಳಿದ ಕನ್ನಡ ಕಷ್ಟವಲ್ಲ. ಹೋಲಿಸಿದರೆ ‘ಹಾಸನ’ದವರು ಪುಣ್ಯವಂತರು: ಎಚ್, ಶಿಫ್ಟ್ ಜೊತೆ ಎ, ಎಸ್, ಎನ್, ಅಷ್ಟಕ್ಕೇ ಮುಗಿಯಿತು.

‘ಳ’, ‘ಣ’, ‘ಶ’, ಎಲ್ಲ ಮಹಾಪ್ರಾಣಗಳು, ಎಲ್ಲ ದೀರ್ಘಗಳು ಶಿಫ್ಟ್ ಕೇಳುತ್ತವೆ. ಸ್ಟಿಕಿ ಕೀಸ್ ನೆರವಾಗುವುದು ಇಲ್ಲೇ. ನೀವು ಬಳಸುವ ನುಡಿ ಆವೃತ್ತಿಯೊಂದಿಗೆ ಅದು ಹೊಂದುತ್ತದೆಯೇ ಎಂದು ಮುಂಚೆಯೇ ಪರೀಕ್ಷಿಸಿಡಿ. ಟೈಪು ಮಾಡುವಾಗ ಯೂನಿಕೋಡ್ (ಎಲ್ಲ ಯಂತ್ರಗಳಲ್ಲೂ ಓದಬರುವ ಅಕ್ಷರ ವ್ಯವಸ್ಥೆ) ಆಯ್ಕೆ ಇರಲಿ. ನುಡಿಯ ಹಳೆಯ ಫಾಂಟ್‌ನಲ್ಲಿ ಬರೆದ ಪತ್ರವನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಬರೆದವರಿಗೆ ತಮ್ಮ ಶ್ರಮವೆಲ್ಲ ಹಾಳಾಯಿತು ಎನಿಸುತ್ತದೆ.

ಕೈ ನಡುಗುವವರಿಗೆ ಟೈಪಿಂಗ್‌ನ ಒತ್ತಾಯ ಬೇಡ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ಧ್ವನಿ ಟೈಪಿಂಗ್‌ನಲ್ಲಿ ಕನ್ನಡ ಆರಿಸಿ, ಮೈಕಿನ ಮುಂದೆ ಮಾತನಾಡಿದರೆ ಅಕ್ಷರ ಮೂಡುತ್ತದೆ. ನಿಧಾನವಾಗಿ, ಪುಸ್ತಕದ ಭಾಷೆಯಲ್ಲಿ ಹೇಳಿದರೆ ತಪ್ಪು ಕಡಿಮೆ. ನಿವೃತ್ತ ಕನ್ನಡ ಮೇಷ್ಟ್ರುಗಳಿಗೆ ಇದು ಬಲು ಚೆನ್ನಾಗಿ ಒಲಿಯುತ್ತದೆ.

ಈ ವಾರಗಳ ಅಭ್ಯಾಸಕ್ಕೆ ನಿಜವಾದ ಅರ್ಜಿಯನ್ನೇ ಬರೆಸಿ. ಬೀದಿದೀಪ ಕೆಟ್ಟಿರುವ ಬಗ್ಗೆ ಪಂಚಾಯಿತಿಗೋ ನಗರಸಭೆಗೋ ಒಂದು ಪತ್ರ: ಬರೆದು, ಉಳಿಸಿ, ಮುದ್ರಿಸಿ, ಸಹಿ ಮಾಡಿ ಕೊಟ್ಟುಬರಲಿ.

ಐದನೆಯ ವಾರ: ಪಹಣಿ

ಕರ್ನಾಟಕದ ಭೂ ದಾಖಲೆಗಳು ‘ಭೂಮಿ’ ಯೋಜನೆಯಡಿ ಗಣಕೀಕರಣಗೊಂಡು ಎರಡು ದಶಕ ದಾಟಿದೆ. ಆದರೂ ತಮ್ಮ ಪಹಣಿಯನ್ನು ತಾವೇ ಪರದೆಯ ಮೇಲೆ ತೆರೆದು ನೋಡಿರುವ ಹಿರಿಯ ಕೃಷಿಕರನ್ನು ಹುಡುಕಬೇಕು. ಅಂತರಜಾಲದಲ್ಲಿ ಹುಡುಕುವುದನ್ನು, ಪಟ್ಟಿಯಿಂದ ಆರಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲು ಪರದೆಯ ಮೇಲ್ತುದಿಯಲ್ಲಿ ಕಾಣುವ ಜಾಲತಾಣದ ವಿಳಾಸವನ್ನು ಓದಿಸಿ. ಸರ್ಕಾರದ್ದೇ ಭೂ ದಾಖಲೆ ತಾಣವಾದರೆ ವಿಳಾಸದಲ್ಲಿ ತಾಣದ ಹೆಸರು ‘ಗವ್ ಡಾಟ್ ಇನ್’ (gov.in) ಎಂದು ಮುಗಿಯಬೇಕು. ಹುಡುಕಿದಾಗ ಮೇಲ್ಗಡೆ ‘ಪ್ರಾಯೋಜಿತ’ ಎಂದು ಬರುವುದು ಜಾಹೀರಾತು, ಅದನ್ನು ದಾಟಿ ಕೆಳಗಿಳಿಯಬೇಕು. ಕಂದಾಯ ಇಲಾಖೆಯ ಭೂ ದಾಖಲೆ ತಾಣದಲ್ಲಿ ಪಹಣಿ ನೋಡುವ ಪುಟಕ್ಕೆ ಹೋಗಿ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮವನ್ನು ಒಂದರ ನಂತರ ಒಂದಾಗಿ ಆರಿಸಬೇಕು. ನಂತರ ಸರ್ವೆ ನಂಬರ್ ಬರೆದು, ಸರ್ನಾಕ್ (ಸರ್ವೆ ನಂಬರಿನ ಜೊತೆ ಬರುವ ಉಪಗುರುತು) ಮತ್ತು ಹಿಸ್ಸಾ (ಜಮೀನಿನ ಪಾಲಿನ) ಸಂಖ್ಯೆ ಆರಿಸಬೇಕು. ಹಿಂದಿನದನ್ನು ಆರಿಸುವವರೆಗೆ ಮುಂದಿನ ಪಟ್ಟಿ ಖಾಲಿಯಾಗಿಯೇ ಇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ‘ನನ್ನ ಊರೇ ಇದರಲ್ಲಿಲ್ಲ’ ಎಂಬ ದೂರು ಖಚಿತ. ಮನೆಯಿಂದ ಹಳೆಯ ಪಹಣಿಯ ಪ್ರತಿ ತರಲು ಹಿಂದಿನ ಸಂಜೆಯೇ ತಿಳಿಸಿ, ಸಂಖ್ಯೆಗಳು ಅದರಲ್ಲಿರುತ್ತವೆ.

ತೆರೆದ ಮೇಲೆ ಹೆಸರು, ವಿಸ್ತೀರ್ಣ, ಋಣದ ಕಾಲಂ ಮೂರನ್ನೂ ನಿಧಾನವಾಗಿ ಓದಿಸಿ. ಎಂದೋ ತೀರಿಸಿದ ಸೊಸೈಟಿ ಸಾಲ ಇನ್ನೂ ದಾಖಲೆಯಲ್ಲಿ ಉಳಿದಿರುವುದು ಅನೇಕರಿಗೆ ತಿಳಿಯುವುದೇ ಹೀಗೆ. ಪರದೆಯ ಮೇಲೆ ನೋಡಿದ್ದು ಮಾಹಿತಿಗೆ ಮಾತ್ರ. ಬ್ಯಾಂಕಿಗೋ ಕಚೇರಿಗೋ ಕೊಡುವ ಪ್ರತಿಯನ್ನು ಶುಲ್ಕ ಕಟ್ಟಿ ಪಡೆಯಬೇಕು ಎಂಬುದನ್ನೂ ಹೇಳಿ.

ಆರನೆಯ ವಾರ: ಮಳೆ ಲೆಕ್ಕ

ಲೆಕ್ಕದ ಹಾಳೆಯ ತಂತ್ರಾಂಶವಾದ ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್ ಕಲಿಸಲು ಅಂಗಡಿ ಮಾರಾಟದ ಕಾಲ್ಪನಿಕ ಪಟ್ಟಿಗಳನ್ನು ಬಳಸುವುದು ಎಲ್ಲ ಪಠ್ಯಗಳ ಚಾಳಿ. ನಮ್ಮ ಕಾಫಿ ಬೆಳೆಗಾರರ ಮನೆಯಲ್ಲಿ ಅದಕ್ಕಿಂತ ಉತ್ತಮ ಸರಕಿದೆ. ತೋಟದ ಮಳೆಮಾಪಕವನ್ನು ಪ್ರತಿದಿನ ಬೆಳಿಗ್ಗೆ ನೋಡಿ, ಇಂಚು ಮತ್ತು ಸೆಂಟಿನಲ್ಲಿ ಬರೆದಿಟ್ಟ ಡೈರಿಗಳು ಅವು. ನೂರು ಸೆಂಟಿಗೆ ಒಂದು ಇಂಚು. ಆ ಡೈರಿಯೊಂದನ್ನು ತರಲು ಹೇಳಿ.

ಎ ಕಾಲಂನಲ್ಲಿ ತಾರೀಖು, ಬಿ ಕಾಲಂನಲ್ಲಿ ಮಳೆ. ಮೊದಲ ಸಾಲು ತಲೆಬರಹಕ್ಕೆ. ಮೂರು ದಿನ ಕ್ರಮವಾಗಿ 1.20, 0.85, 2.05 ಇಂಚು ಮಳೆಯಾಗಿದೆ ಎಂದುಕೊಳ್ಳೋಣ. ಕೆಳಗಿನ ಖಾಲಿ ಚೌಕದಲ್ಲಿ ಸಮ ಚಿಹ್ನೆ ಹಾಕಿ, ಎಸ್, ಯು, ಎಂ ಅಕ್ಷರಗಳನ್ನು ಬರೆದು, ಆವರಣ ಚಿಹ್ನೆಯೊಳಗೆ ಬಿ2, ಕೋಲನ್ ಚಿಹ್ನೆ (:), ಬಿ4 ಎಂದು ಬರೆದು ಎಂಟರ್ ಒತ್ತಿದರೆ 4.1 ಬರುತ್ತದೆ. ಪಕ್ಕದ ಚೌಕದಲ್ಲಿ ಅದನ್ನು 25.4ರಿಂದ ಗುಣಿಸಿದರೆ 104.14 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುವ ಅಂಕಿಗೂ ತಮ್ಮ ತೋಟದ ಇಂಚಿಗೂ ಈಗ ಹೋಲಿಕೆ ಸಾಧ್ಯ. ಆಮೇಲೆ ನಡುವಿನ ಒಂದು ಅಂಕಿಯನ್ನು ಬದಲಿಸಲು ಹೇಳಿ. ಮೊತ್ತ ತಾನಾಗಿ ಬದಲಾಗುವುದನ್ನು ನೋಡಿದಾಗ ಏಕೆ ಈ ಪಟ್ಟಿ ಎಂಬುದನ್ನು ಬೇರೆ ವಿವರಿಸಬೇಕಾಗುವುದಿಲ್ಲ. ಮಾರ್ಚ್–ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವರ್ಷ ಯಾವ ತಾರೀಖಿಗೆ ಬಂತು ಎಂಬುದನ್ನು ಹತ್ತು ವರ್ಷದ ಡೈರಿಗಳಿಂದ ಒಂದೇ ಹಾಳೆಗೆ ತಂದುಕೊಂಡರೆ ಅದು ಬೆಳೆಗಾರರ ಮಟ್ಟಿಗೆ ಆಸ್ತಿ.

ತೋಟ ಇಲ್ಲದವರಿಗೆ ಹಾಲಿನ ಲೆಕ್ಕ, ಸಂಘದ ಉಳಿತಾಯದ ಲೆಕ್ಕ. ಕ್ರಮ ಅದೇ.

ಏಳನೆಯ ವಾರ: ಮೋಸದ ಕರೆಗಳ ತಾಲೀಮು

ಹಣದ ಪಾಠಕ್ಕೆ ಮೊದಲು ಇದು ಬರಬೇಕು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಫಲಕ ಹಾಕಿದರೆ ಸಾಲದು. ಅದು ಎಲ್ಲರಿಗೂ ಗೊತ್ತು. ಆದರೂ ಜನ ಮೋಸ ಹೋಗುತ್ತಾರೆ. ನಮ್ಮ ಕಡೆಯ ಹಿರಿಯರಿಗೆ ಎದುರಿನವರು ಮಾತನಾಡುತ್ತಿರುವಾಗ ಫೋನ್ ಕತ್ತರಿಸುವುದು ಮರ್ಯಾದೆಗೆಟ್ಟ ಕೆಲಸ ಎಂಬ ಭಾವನೆ ಇದೆ. ಮೋಸಗಾರರು ದುಡಿಸಿಕೊಳ್ಳುವುದು ಈ ಸೌಜನ್ಯವನ್ನೇ. ಹಾಗಾಗಿ ಕತ್ತರಿಸುವುದನ್ನು ಅಭ್ಯಾಸ ಮಾಡಿಸಬೇಕು.

ಎಲ್ಲರಿಗೂ ಮೊದಲೇ ತಿಳಿಸಿ, ಕಲಿಸುವವರೊಬ್ಬರು ಪಕ್ಕದ ಕೋಣೆಯಿಂದ ಕರೆ ಮಾಡಲಿ. ‘ಮುಂಬೈ ಪೊಲೀಸ್ ಠಾಣೆಯಿಂದ ಮಾತನಾಡುತ್ತಿದ್ದೇನೆ. ನಿಮ್ಮ ಆಧಾರ್ ಸಂಖ್ಯೆಯ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ’ ಎನ್ನಲಿ. ಮೊದಲ ಸುತ್ತಿನಲ್ಲಿ ತಾಲೀಮು ಎಂದು ಗೊತ್ತಿದ್ದೂ ‘ಇಲ್ಲ ಸಾರ್, ನಾನು ಅಂಥವನಲ್ಲ ಸಾರ್’ ಎಂದು ವಿವರಣೆ ಕೊಡಲು ತೊಡಗುವವರು ಇರುತ್ತಾರೆ. ವಿವರಣೆ ಕೊಡತೊಡಗಿದರೆಂದರೆ ಗಾಳಕ್ಕೆ ಸಿಕ್ಕಿದರೆಂದೇ ಅರ್ಥ. ಎರಡನೆಯ ಸುತ್ತು, ಮೂರನೆಯ ಸುತ್ತು ಮಾಡಿಸಿ, ಒಂದು ಮಾತೂ ಆಡದೆ ಕೆಂಪು ಗುಂಡಿ ಒತ್ತುವವರೆಗೆ. ಫೋನಿನಲ್ಲೇ ‘ಡಿಜಿಟಲ್ ಬಂಧನ’ ಮಾಡಿದ್ದೇವೆ ಎಂದು ಇಂಥವರು ಹೆದರಿಸುತ್ತಾರೆ, ಆದರೆ ಭಾರತದ ಯಾವ ಕಾನೂನಿನಲ್ಲೂ ಅಂಥದ್ದಿಲ್ಲ.

ಇದೇ ವಾರ ತೋರಿಸಬೇಕಾದ ಇನ್ನಷ್ಟು: ಇಂದು ರಾತ್ರಿ ಕರೆಂಟ್ ಕಡಿತವಾಗುತ್ತದೆ ಎಂಬ ಸುಳ್ಳು ಸಂದೇಶ, ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣದ ವೇಷದಲ್ಲಿ ಬರುವ, ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುವ ಕಡತ (ಒತ್ತಿದರೆ ಮೊಬೈಲಿಗೆ ಆ್ಯಪ್ ಸೇರಿಸುವಂಥದ್ದು), ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳಲು ಹೇಳುವ ‘ಬ್ಯಾಂಕಿನವರು’. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸುವಾಗ. ಹಣ ಬರಲು ಪಿನ್ ಕೇಳಿದರೆ ಅದು ಮೋಸ. ಹಣ ಹೋಗಿಯೇಬಿಟ್ಟರೆ ಆ ಕ್ಷಣ 1930ಕ್ಕೆ ಕರೆ ಮಾಡಬೇಕು. ಮನೆಯವರು ಬೈಯುತ್ತಾರೆಂದು ಮುಚ್ಚಿಟ್ಟು ಕಳೆಯುವ ಸಮಯದಲ್ಲೇ ಹಣ ಕೈತಪ್ಪುವುದು. ಈ ಸಂಖ್ಯೆಯನ್ನು, ಹಿರಿಯ ನಾಗರಿಕರ ಸಹಾಯವಾಣಿ 14567ನ್ನು ಎಲ್ಲರ ಮೊಬೈಲಿನಲ್ಲೂ ಅವರ ಕೈಯಿಂದಲೇ ಉಳಿಸಿ.

ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬಾರದು ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ, ಬೇರೆ ಬೇರೆ ಇಟ್ಟು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ಲೇಸು. ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಎಲ್ಲೂ ಬರೆಯಬಾರದು.

ಎಂಟನೆಯ ವಾರ: ಜೀವನ್ ಪ್ರಮಾಣ್

ಬದುಕಿದ್ದೇವೆ ಎಂಬ ಜೀವಿತ ಪ್ರಮಾಣಪತ್ರವನ್ನು ಪಿಂಚಣಿದಾರರು ಕಚೇರಿಗೆ ಹೋಗದೆ ಸಲ್ಲಿಸಲು 2014ರ ನವೆಂಬರ್ 10ರಂದು ಆರಂಭವಾದ ಈ ವ್ಯವಸ್ಥೆಗೆ 2021ರಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿತು. ಬೆರಳಚ್ಚು ಸವೆದವರಿಗೆ, ಅದರಲ್ಲೂ ವರ್ಷಗಟ್ಟಲೆ ತೋಟದಲ್ಲಿ ದುಡಿದವರಿಗೆ, ಇದರಿಂದ ದೊಡ್ಡ ಅನುಕೂಲ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಸಲ್ಲಿಸಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಭವಿಷ್ಯ ನಿಧಿಯ ಪಿಂಚಣಿ ಪಡೆಯುವವರು ಯಾವ ತಿಂಗಳಲ್ಲಾದರೂ ಸಲ್ಲಿಸಬಹುದು, ಅಲ್ಲಿಂದ ಒಂದು ವರ್ಷ ಅದು ನಡೆಯುತ್ತದೆ. ಉಳಿದವರು ತಮಗೆ ಪಿಂಚಣಿ ಕೊಡುವ ಕಚೇರಿ ಇದನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ತರಬೇಕಾದದ್ದು: ಆಧಾರ್, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್. ಪ್ಲೇ ಸ್ಟೋರ್‌ನಿಂದ ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’ ಎರಡನ್ನೂ ಹಾಕಿಕೊಳ್ಳಬೇಕು. ಆ್ಯಪ್ ಮೊದಲು ‘ಆಪರೇಟರ್’ ಯಾರೆಂದು ಕೇಳುತ್ತದೆ. ಅಂಗಡಿಯವರ ಹೆಸರು ಹಾಕಬೇಕೇನೋ ಎಂದು ಹಲವರು ಇಲ್ಲೇ ನಿಲ್ಲುತ್ತಾರೆ. ಪಿಂಚಣಿದಾರರು ತಾವೇ ಆಪರೇಟರ್ ಆಗಬಹುದು. ಮುಖದ ಮೇಲೆ ಬೆಳಕು ಬೀಳುವಂತೆ, ಬೆನ್ನ ಹಿಂದೆ ಟ್ಯೂಬ್‌ಲೈಟ್ ಅಥವಾ ಕಿಟಕಿ ಇಲ್ಲದಂತೆ ಕೂರಿಸಿ, ಕನ್ನಡಕ ತೆಗೆಸಿ, ಆ್ಯಪ್ ಹೇಳಿದಾಗ ಕಣ್ಣು ಮಿಟುಕಿಸಲು ಹೇಳಿ. ಯಶಸ್ವಿಯಾದರೆ ಪ್ರಮಾಣ್ ಸಂಖ್ಯೆ ಬರುತ್ತದೆ, ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಂತರ ಕಂಪ್ಯೂಟರಿನಲ್ಲಿ ಜೀವನ್ ಪ್ರಮಾಣ್ ತಾಣ ತೆರೆದು, ಆ ಸಂಖ್ಯೆ ಕೊಟ್ಟು, ಪ್ರಮಾಣಪತ್ರ ಇಳಿಸಿಕೊಂಡು ಮುದ್ರಿಸಲಿ. ಕೆಲವು ದಿನ ಬಿಟ್ಟು ಸ್ಥಿತಿ ನೋಡುವುದನ್ನೂ ಕಲಿಸಿ; ಸಲ್ಲಿಸಿದ್ದೆಲ್ಲ ಸ್ವೀಕಾರವಾಗಿದೆ ಎಂದು ತಿಳಿಯುವಂತಿಲ್ಲ.

ಕೊನೆಯ ಎರಡು ವಾರ ಮತ್ತು ಆಮೇಲೆ

ಒಂಬತ್ತನೆಯ ವಾರ ಇಮೇಲ್, ವಿಡಿಯೋ ಕರೆ, ದಾಖಲೆಗಳನ್ನು ಅಂತರಜಾಲದಲ್ಲಿ ಇಟ್ಟುಕೊಳ್ಳುವ ಸರ್ಕಾರದ ಡಿಜಿಲಾಕರ್. ಟೈಪಿಂಗ್ ಬಂದಿರುವುದರಿಂದ ಇವು ಬೇಗ ಸಾಗುತ್ತವೆ. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಕೆಲಸ ಮುಗಿಸಿ ಲಾಗ್ಔಟ್ ಆಗುವುದನ್ನು ಮಾತ್ರ ಬಿಡದೆ ಮಾಡಿಸಿ.

ಹತ್ತನೆಯ ವಾರ ಹೊಸ ಪಾಠ ಬೇಡ. ಹೆಸರು ಬರೆಸಿದ ದಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತಾವು ಹೇಳಿದ್ದ ಕೆಲಸವನ್ನು ಪ್ರತಿಯೊಬ್ಬರೂ ಯಾರ ನೆರವೂ ಇಲ್ಲದೆ, ನೋಟ್‌ಪುಸ್ತಕ ನೋಡಿಕೊಂಡು ಮಾಡಲಿ. ಮಾಡಲಾಗದಿದ್ದರೆ ಎಲ್ಲಿ ನಿಂತರೋ ಅಲ್ಲಿಂದ ಪಾಠ.

ಮನೆಯವರಿಗೂ ಒಂದು ಚೀಟಿ ಬರೆದು ಕಳಿಸಿ. ಅದರಲ್ಲಿ ಎರಡೇ ಸಾಲು: ಇವರು ಕೇಳಿದಾಗ ಬಾಯಿಂದ ಹೇಳಿ, ಮೊಬೈಲ್ ಕಸಿದುಕೊಂಡು ಮಾಡಿಕೊಡಬೇಡಿ. ಇವರು ನಿಧಾನ ಮಾಡಿದರೆ ಕಾಯಿರಿ.

ತರಗತಿ ಮುಗಿದ ಮೇಲೆ ವಾರಕ್ಕೊಂದು ಸಂಜೆ, ಒಂದು ಗಂಟೆ, ಎರಡು ಯಂತ್ರ ಚಾಲೂ ಇರಲಿ. ಆ್ಯಪ್‌ಗಳು ರೂಪ ಬದಲಿಸುತ್ತಲೇ ಇರುತ್ತವೆ. ಹಸಿರು ಗುಂಡಿ ನೀಲಿಯಾದರೂ ಸಾಕು, ಕಲಿತದ್ದೆಲ್ಲ ಹೋಯಿತು ಎನ್ನುವವರಿದ್ದಾರೆ. ಆ ಗಂಟೆಗೆ ಕಾಲೇಜು ಹುಡುಗರನ್ನು ಕೂರಿಸುವ ಅಗತ್ಯವಿಲ್ಲ. ಮೊದಲ ತಂಡದಲ್ಲಿ ಕಲಿತವರಲ್ಲೇ ಇಬ್ಬರನ್ನು ಸರದಿಯ ಮೇಲೆ ಕೂರಿಸಿ. ಬೀಗದ ಕೈಯನ್ನೂ ಅವರಿಗೇ ಕೊಡಿ.